ದೋಣಿಯ ದರಪಟ್ಟಿ

ಕನೆಕ್ಟಿಕಟ್ ನದಿ, ವರ್ಮಾಂಟ್ ಕಡೆಗೆ. ೧೮೧೪, ಏಪ್ರಿಲ್.

ಅಲುಗಾಡಬೇಡ ಎಲ್ಕನಾ,
ಎಂದು ಹೇಳಬೇಕಾದ ಕಾಲ ಮುಗಿಯಿತು.
ಇಪ್ಪತ್ತಾರು ವರ್ಷ ಈ ದೋಣಿಯಲ್ಲಿ
ನೀನೊಮ್ಮೆಯೂ ಸುಮ್ಮನೆ ಕೂತವನಲ್ಲ.
ಎದ್ದು ನಿಂತು, ಟೋಪಿ ಕಂಕುಳಲ್ಲಿಟ್ಟು
ನೀರಿಗೆ ಭಾಷಣ ಮಾಡುತ್ತಿದ್ದವನು.
ಮೀನಿಗೆ ಮತವಿಲ್ಲವೋ ಮಾರಾಯ ಎಂದರೆ
ಅದಕ್ಕೂ ಒಂದು ದಿನ ಬರುತ್ತದೆ ಎಂದು ನಗುತ್ತಿದ್ದೆ.

ಈಗ ಪೈನ್ ಹಲಗೆಯ ಪೆಟ್ಟಿಗೆಯಲ್ಲಿ
ಮೊದಲ ಸಲ ಸಭೆಯ ನಿಯಮ ಪಾಲಿಸುತ್ತಿದ್ದೀ.

ನೆನಪಿದೆಯೇ ನಿನ್ನ ಮೊದಲ ಪದವಿ?
ಮೆಹಿಟಬಲ್‌ಳನ್ನು ಮದುವೆಯಾದ ವರ್ಷ
ಊರಸಭೆ ಕೈಯೆತ್ತಿ ನಿನ್ನನ್ನು ಆರಿಸಿತು:
ಹಂದಿ ಮೇಲ್ವಿಚಾರಕ.
ಹೊಸ ಮದುಮಗನಿಗೆ ಊರು ಮಾಡುವ ತಮಾಷೆ ಅದು.
ಎಲ್ಲರೂ ನಕ್ಕು ಮನೆಗೆ ಹೋದರು. ನೀನು ಹೋಗಲಿಲ್ಲ.
ಮೊಣಕಾಲವರೆಗೆ ಕೆಸರು, ಕೈಯಲ್ಲಿ ಪುಸ್ತಕ,
ಯಾರ ಹಂದಿ ಯಾರ ಜೋಳ ತಿಂದಿತೆಂದು
ಕಿವಿಯ ಗುರುತು ಸಮೇತ ಬರೆದಿಟ್ಟೆ.
ಡೀಕನ್ ಪೆಲೆಟಾಯನ ಹೆಣ್ಣುಹಂದಿಗೂ ದಂಡ!
ಆಗಲೇ ಅಂದುಕೊಂಡೆ, ಈ ಆಸಾಮಿ ದೂರ ಹೋಗುತ್ತಾನೆ.

ಹೋದೆ.
ಬೇಲಿ ನೋಡುವವನಾದೆ, ರಸ್ತೆ ನೋಡುವವನಾದೆ,
ಯುದ್ಧದಲ್ಲಿ ಹಿಟ್ಟಿನ ಪೀಪಾಯಿ ಎಣಿಸುವವನಾದೆ,
ಆಮೇಲೆ ಶಾಸನಸಭೆ, ಆಮೇಲೆ ಫಿಲಡೆಲ್ಫಿಯಾ.
ಅಲ್ಲಿಂದ ಮರಳಿದಾಗ ಕಾಲಿಗೆ ರೇಷ್ಮೆಚೀಲ,
ಬಾಯಿತುಂಬ ದೊಡ್ಡ ಪದಗಳು,
ಮುಂದಿನ ಎರಡು ಹಲ್ಲು ಮಾತ್ರ ಇರಲಿಲ್ಲ.
ಸ್ವಾತಂತ್ರ್ಯ ಎನ್ನುವಾಗ ಗಾಳಿ ಸೋರುತ್ತಿತ್ತು.

ಆ ಚಳಿಗಾಲವೇ ಸೇತುವೆಯ ಮಸೂದೆ ಬರೆದೆ.
ನನಗೆ ಹೇಳಲಿಲ್ಲ. ನನ್ನ ದೋಣಿಯಲ್ಲೇ
ಆ ಕಾಗದ ತೊಡೆಯ ಮೇಲಿಟ್ಟುಕೊಂಡು ದಾಟಿದೆ.
ನೀರು ಸಿಡಿಯದಿರಲೆಂದು ಅದಕ್ಕೆ
ನನ್ನ ಕಂಬಳಿ ನಾನೇ ಹೊದಿಸಿದೆ,
ಓದು ಬಾರದವನ ಕಂಬಳಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು.
ಹದಿನೇಳು ವರ್ಷ ಹುಟ್ಟು ಅಟ್ಟದ ಮೇಲಿತ್ತು,
ಮಗಳು ಅದಕ್ಕೆ ಈರುಳ್ಳಿ ಗೊಂಚಲು ಕಟ್ಟಿದಳು.
ನಾನು ನಿನ್ನ ಸೇತುವೆಯ ಗೇಟಿನಲ್ಲಿ ಸುಂಕಕ್ಕೆ ನಿಂತೆ.
ಆ ಕೆಲಸ ಕೊಡಿಸಿದವನೂ ನೀನೇ;
ಕೋಪ ಇಳಿಯದೆ ಉಳಿದದ್ದು ಅದಕ್ಕೇ.

ಇನ್ನೊಂದು ಮಾತು. ಈಗ ಹೇಳಬಹುದು.
ಆ ಸಲ ಒಂದೇ ಮತದಿಂದ ಸೋತೆಯಲ್ಲ,
ಯಾರದು, ಯಾರದು ಎಂದು ಊರಿಡೀ ಎಣಿಸಿದೆ.
ನಾನು ಆ ದಿನ ಕಾಲುನೋವೆಂದು ಹಾಸಿಗೆಯಲ್ಲಿದ್ದೆ.
ಕಾಲು ಚೆನ್ನಾಗಿಯೇ ಇತ್ತು.
ಮರುದಿನ ನೀನು ಬಂದೆ, ಸೋತ ಮುಖದಲ್ಲೇ,
ಕರಡಿ ಕೊಬ್ಬಿನ ಮುಲಾಮು ಹಿಡಿದು.
ಒಂದು ತಿಂಗಳು ಹಚ್ಚಿಕೊಂಡೆ ಎಲ್ಕನಾ,
ನೋವಿಲ್ಲದ ಕಾಲಿಗೆ. ನಾಯಿ ಕೂಡ ಹತ್ತಿರ ಬರಲಿಲ್ಲ.

ಹೋದ ಮಂಗಳವಾರ ಮಂಜುಗಡ್ಡೆ ಒಡೆದು
ಸೇತುವೆಯ ಮೂರು ಕಂಬ ಎಳೆದೊಯ್ದಿತು.
ಶುಕ್ರವಾರ ನೀನು ಆಚೆ ದಂಡೆಯ ಛತ್ರದಲ್ಲಿ
ಯಾರದೋ ಕುರಿಯ ಜಗಳ ಬಗೆಹರಿಸುತ್ತ
ಹಾಗೇ ಒರಗಿದೆಯಂತೆ, ತೀರ್ಪು ಹೇಳದೆ.
ಕುರಿ ಇನ್ನೂ ಕಂಬಕ್ಕೆ ಕಟ್ಟಿಯೇ ಇದೆ.

ದರಪಟ್ಟಿ ನೀನೇ ಬರೆದ ಕಾನೂನು, ಬಾಯಿಪಾಠ ಬರುತ್ತದೆ:
ಕಾಲ್ನಡಿಗೆಯವನಿಗೆ ಎರಡು ಸೆಂಟು,
ಕುದುರೆ ಸವಾರನಿಗೆ ಆರು,
ಹಂದಿ, ತಲೆಗೊಂದು.
ಶವಕ್ಕೆಷ್ಟು ಎಂದು ಬರೆಯಲು ಮರೆತಿದ್ದೀ.
ನಡೆಯುತ್ತಿಲ್ಲ, ಸವಾರಿಯಿಲ್ಲ,
ಸರಕು ಎನ್ನಲು ನನಗೆ ಬಾಯಿ ಬಾರದು.

ದಂಡೆಯಲ್ಲಿ ಲಾಟೀನು ಕಾಣುತ್ತಿದೆ. ಮೆಹಿಟಬಲ್.
ಇಳಿದ ಕೂಡಲೇ ದುಡ್ಡಿನ ಚೀಲ ಬಿಚ್ಚುತ್ತಾಳೆ, ಗೊತ್ತು.
ಹಂದಿಯ ದರ ಕೇಳಲೇ?
ನಕ್ಕರೂ ನಕ್ಕಾಳು,
ಈ ಊರಲ್ಲಿ ಇನ್ನು ಅವಳಿಗೂ ನನಗೂ ಮಾತ್ರ
ತಿಳಿಯುವ ನಗು.

ತಡಿ, ಸುಳಿ ಬಂತು.
ಬಲಕ್ಕೆ ವಾಲಬೇಡ.